ಬೆರಳು ಎತ್ತುವ ಜಾಗ

ಹೋದ ತಿಂಗಳು ಒಂದು ಭಾನುವಾರದ ಮಧ್ಯಾಹ್ನ. ಅವ್ವ ಗೋಡೆಗೆ ಒರಗಿ, ಕಾಲು ಚಾಚಿ ಕೂತು, ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತಿದ್ದಳು. ಕೈಗೆ ಕೆಲಸ ಸಿಕ್ಕರೆ ಅವಳ ಬಾಯಿಗೆ ಹಾಡು ಬರುತ್ತದೆ. ಅವತ್ತು ಕಡಕೋಳ ಮಡಿವಾಳಪ್ಪನವರ ಒಂದು ತತ್ವಪದ ಹಿಡಿದಿದ್ದಳು. ಅವಳ ತವರು ಜೇವರ್ಗಿ ಕಡೆ. ಅಮಾವಾಸ್ಯೆ ರಾತ್ರಿ ಭಜನೆಗೆ ಕೂತವರ ಬಾಯಿಂದ ಕೇಳಿ ಕೇಳಿ ಬಂದ ಪದ ಅದು. ಏಕತಾರಿ, ದಮ್ಮಡಿ, ತಾಳ, ಇಷ್ಟೇ ಮೇಳ. ಪುಸ್ತಕ ನೋಡಿ ಕಲಿತಿದ್ದಲ್ಲ, ಕೂರಿಸಿ ಹೇಳಿಕೊಟ್ಟವರೂ ಇಲ್ಲ.

ನನ್ನ ಮಗಳಿಗೆ ಈಗ ಹನ್ನೆರಡು. ಒಂದು ವರ್ಷದಿಂದ ಕೀಬೋರ್ಡ್ ಕ್ಲಾಸಿಗೆ ಹೋಗುತ್ತಿದ್ದಾಳೆ. ಆಯಿಯ, ಅಂದರೆ ತನ್ನ ಅಜ್ಜಿಯ, ಹಾಡನ್ನು ಕೀಬೋರ್ಡಿನಲ್ಲಿ ಹಿಡಿಯಬೇಕು ಅಂತ ಅವಳಿಗೆ ಆಸೆ. ಸಾ ಸಿಕ್ಕಿತು, ರೀ ಸಿಕ್ಕಿತು, ಪಾ ಸಿಕ್ಕಿತು. ಗಾ ಹತ್ತಿರ ಬಂದು ನಿಂತಳು. ಮೇಲಿನದು ಒತ್ತಿದರೆ ಜಾಸ್ತಿ, ಕೆಳಗಿನದು ಒತ್ತಿದರೆ ಕಮ್ಮಿ. ಆಮೇಲೆ ಫೋನ್ ತೆಗೆದಳು. ಸ್ವರ ಅಳೆಯುವ ಒಂದು ಆ್ಯಪ್ ಇದೆ. ಸ್ವರ ಸರಿ ಇದ್ದರೆ ಹಸಿರು, ತಪ್ಪಿದರೆ ಕೆಂಪು. ಅದನ್ನು ಆಯಿಯ ಬಾಯಿ ಹತ್ತಿರ ಹಿಡಿದಳು. ಆ ಸ್ವರ ಬಂದಾಗಲೆಲ್ಲ ಮುಳ್ಳು ಎರಡು ಗೆರೆಗಳ ನಡುವೆ ನಿಂತು ಕೆಂಪಾಗುತ್ತಿತ್ತು.

"ಅಮ್ಮಾ, ಆಯಿ ಬೇಸೂರ್ ಹಾಡ್ಲತಾಳ," ಅಂದಳು. ಹಂಗಿಸುವ ದನಿ ಅಲ್ಲ. ಅವಳಿಗೆ ನಿಜಕ್ಕೂ ಬೇಜಾರಾಗಿತ್ತು. ಅವ್ವ ಬೇಳೆಯಿಂದ ತಲೆ ಎತ್ತದೆ, "ಹೌದೇನವ್ವಾ? ಇರಬೇಕು ತಗೊ," ಅಂದು ಹಾಡು ನಿಲ್ಲಿಸಿದಳು.

ಹಾಗೆ ನಿಲ್ಲಿಸಿದ್ದು ಇವತ್ತಿಗೂ ನನ್ನನ್ನು ಚುಚ್ಚುತ್ತಿದೆ. 70 ದಾಟಿದ ಹೆಂಗಸು. ಬುದ್ಧಿ ಬಂದಾಗಿನಿಂದ ಹಾಡಿಕೊಂಡು ಬಂದ ಪದವನ್ನು ಒಂದು ಫೋನಿನ ಮಾತಿಗೆ ಅರ್ಧಕ್ಕೆ ಬಿಟ್ಟಳು. ನಾನು ಅಲ್ಲೇ ರೊಟ್ಟಿ ಬಡಿಯುತ್ತಿದ್ದೆ, ಏನೂ ಹೇಳಲಿಲ್ಲ. ಹೇಳಬೇಕಾದ ಮಾತು ನನಗೆ ಗೊತ್ತಿತ್ತು. ಮೂವತ್ತೈದು ವರ್ಷದ ಹಿಂದೆ, ಇದೇ ಊರಿನಲ್ಲಿ, ನನ್ನ ಪೇಟಿ (ಹಾರ್ಮೋನಿಯಂ) ಮಾಸ್ತರು ಅದನ್ನು ಕಲಿಸಿದ್ದರು. ಆದರೂ ಆ ಹೊತ್ತಿಗೆ ಬಾಯಿಗೆ ಬರಲಿಲ್ಲ. ಅವತ್ತಿನಿಂದ ಅದನ್ನೇ ಯೋಚಿಸುತ್ತಿದ್ದೇನೆ.

ನಾಟಕ ಕಂಪನಿಯ ಪೇಟಿ

ನಾನು ಮೊದಲು ಹೋಗಿದ್ದು ಹಾಡು ಕಲಿಯಲು. 1988. ಆಗ ಊರಿಗೆ ಇನ್ನೂ ಗುಲ್ಬರ್ಗಾ ಅಂತಲೇ ಹೆಸರು. ಶರಣಬಸವೇಶ್ವರ ಗುಡಿಯಿಂದ ಸ್ವಲ್ಪ ದೂರ, ಬ್ರಹ್ಮಪುರದ ಒಂದು ಸಂದಿಯಲ್ಲಿ ಮಾಸ್ತರ ಮನೆ. ನನಗೆ ಒಂಬತ್ತು ವರ್ಷ. ನನ್ನ ದನಿ ಹುಟ್ಟಿನಿಂದಲೇ ದಪ್ಪ. ಶಾಲೆಯಲ್ಲಿ ಪ್ರಾರ್ಥನೆಗೆ ಬಾಯಿ ತೆರೆದರೆ ಮುಂದಿನ ಸಾಲಿನ ಹುಡುಗಿಯರು ತಿರುಗಿ ನೋಡುತ್ತಿದ್ದರು. ಬರಬರುತ್ತ ನಾನು ತುಟಿ ಮಾತ್ರ ಆಡಿಸುವುದನ್ನು ರೂಢಿ ಮಾಡಿಕೊಂಡಿದ್ದೆ. ಮಾಸ್ತರು ನನ್ನಿಂದ ಒಂದು ಸಾ ಹಚ್ಚಿಸಿ, ಕಣ್ಣು ಮುಚ್ಚಿ ಕೇಳಿ, "ಗಂಗೂಬಾಯಿ ಹಾನಗಲ್ ಅವರ ಹೆಸರು ಕೇಳೀಯೇನು ತಂಗಿ?" ಅಂದರು. ಗಂಟಲಿನ ಆಪರೇಷನ್ ಆದ ಮೇಲೆ ಆ ತಾಯಿಯ ದನಿ ಗಂಡಸರ ದನಿಯಷ್ಟು ದಪ್ಪ ಆಯಿತು, ಅದೇ ದನಿಯನ್ನು ಇಡೀ ದೇಶ ಕೂತು ಕೇಳಿತು ಅಂತ ಹೇಳಿದರು. ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಸವಾಯಿ ಗಂಧರ್ವರ ಹತ್ತಿರ ಪಾಠ ಹೇಳಿಸಿಕೊಂಡು ಬರುತ್ತಿದ್ದರಂತೆ. ಅದನ್ನು ಕೇಳಿ ಮನೆಗೆ ಬಂದವಳು ಕನ್ನಡಿ ಮುಂದೆ ನಿಂತು ಜೋರಾಗಿ ಹಾಡಿದ್ದು ನೆನಪಿದೆ. ಆಗ ಗಂಗೂಬಾಯಿಯವರ ಹಾಡು ನಾನು ಒಂದನ್ನೂ ಕೇಳಿರಲಿಲ್ಲ. ಆದರೂ ಅವರೇ ನನ್ನ ಮೊದಲ ಗಾಯಕಿ.

ಹಾಡು ನನಗೆ ಅಷ್ಟಾಗಿ ಒಲಿಯಲಿಲ್ಲ. ಕಾರಣ ದನಿ ಅಲ್ಲ, ನನ್ನ ಕಣ್ಣೆಲ್ಲ ಮಾಸ್ತರ ಬೆರಳುಗಳ ಮೇಲೆ ಇರುತ್ತಿತ್ತು. ಆರು ತಿಂಗಳಿಗೆ ಅವರೇ ಪೇಟಿಯನ್ನು ನನ್ನ ಕಡೆ ತಿರುಗಿಸಿಟ್ಟರು. ಆದರೆ ಮನೆಯಲ್ಲಿ ರಿಯಾಜು ಮಾಡಲು ಪೇಟಿ ಬೇಕಲ್ವಾ? ಅಪ್ಪನ ಪಗಾರದಲ್ಲಿ ಹೊಸದು ಆಗುವಂತಿರಲಿಲ್ಲ. ಮುಚ್ಚಿಹೋದ ಒಂದು ನಾಟಕ ಕಂಪನಿಯ ಸಾಮಾನು ಮಾರಾಟಕ್ಕೆ ಬಂದಿದೆ ಅಂತ ಮಾಸ್ತರಿಗೆ ಸುದ್ದಿ ಬಂತು. ಅಪ್ಪ ಅವರನ್ನು ಸೈಕಲ್ ಮೇಲೆ ಕೂರಿಸಿಕೊಂಡು ಹೋದರು. ಬರುವಾಗ ಕ್ಯಾರಿಯರ್ ಮೇಲೆ ಪೇಟಿ, ಪಕ್ಕದಲ್ಲಿ ಅದನ್ನು ಹಿಡಿದುಕೊಂಡು ಮಾಸ್ತರ ನಡಿಗೆ. ಡಬಲ್ ರೀಡಿನ ಪೇಟಿ, 39 ಪಟ್ಟಿ. ಒಂದು ಬಿಳಿ ಪಟ್ಟಿಯ ಮೇಲ್ಮೈ ಕಿತ್ತುಹೋಗಿ ಕಟ್ಟಿಗೆ ಕಾಣುತ್ತಿತ್ತು. ಮುಚ್ಚಳ ತೆಗೆದರೆ ಮುಖಕ್ಕೆ ಹಚ್ಚುವ ಪೌಡರಿನ ವಾಸನೆ. ಎಷ್ಟೋ ಊರಿನ ಜಾತ್ರೆ ನೋಡಿ ಬಂದ ವಾಸನೆ ಅದು. ಇವತ್ತಿಗೂ ಪೂರ್ತಿ ಹೋಗಿಲ್ಲ.

ಪೇಟಿಗೂ ನಮ್ಮ ಊರಿನ ಬಿಸಿಲಿಗೂ ಸರಿ ಬರುವುದಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ 42 ಡಿಗ್ರಿ ದಾಟುವ ಊರು. ಕಟ್ಟಿಗೆ ಒಣಗಿ ಸಂದು ಬಿಡುತ್ತದೆ. ತಿದಿ ಎಷ್ಟು ಹಾಕಿದರೂ ಗಾಳಿ ಸೋರುತ್ತದೆ. ಮಳೆಗಾಲದಲ್ಲಿ ಅದೇ ಕಟ್ಟಿಗೆ ಉಬ್ಬಿ, ಒತ್ತಿದ ಪಟ್ಟಿ ಮೇಲೆ ಬರುವುದಿಲ್ಲ. ವರ್ಷಕ್ಕೊಮ್ಮೆ, ಜಾತ್ರೆ ಮುಗಿದ ಮೇಲೆ, ಮಾಸ್ತರು ಪೇಟಿಯನ್ನು ಬಿಚ್ಚುತ್ತಿದ್ದರು. ಶಹಾಬಾದ್ ಫರ್ಸಿಯ ನೆಲ, ಅದರ ಮೇಲೆ ಹಳೆಯ ಧೋತರ, ಧೋತರದ ಮೇಲೆ ಹಿತ್ತಾಳೆಯ ರೀಡುಗಳು ಸಾಲಾಗಿ. ಒಂದೊಂದು ರೀಡಿಗೂ ತೆಳ್ಳನೆಯ ನಾಲಿಗೆ. ಗಾಳಿ ಬಂದರೆ ಅದು ನಡುಗುತ್ತದೆ, ಆ ನಡುಕವೇ ಸ್ವರ. ಸ್ವರ ಇಳಿದಿದ್ದರೆ ನಾಲಿಗೆಯ ತುದಿಯನ್ನು ಚೂರು ಕೆರೆಯಬೇಕು. ತುದಿ ಹಗುರ ಆದರೆ ಬೇಗ ನಡುಗುತ್ತದೆ, ಸ್ವರ ಏರುತ್ತದೆ. ಏರಿದ್ದರೆ ಬುಡದ ಕಡೆ ಕೆರೆಯಬೇಕು. ಬುಡ ತೆಳುವಾದರೆ ಬಿಗಿ ಕಡಿಮೆಯಾಗಿ ಸ್ವರ ಇಳಿಯುತ್ತದೆ. ಮಾಸ್ತರು ಸಣ್ಣ ಕಾನಸಿನಿಂದ ಎರಡು ಸಲ ಎಳೆಯುವರು, ರೀಡನ್ನು ಅದರ ಜಾಗದಲ್ಲಿ ಕೂರಿಸಿ ಕೇಳುವರು, ಮತ್ತೆ ತೆಗೆಯುವರು. "ಒಮ್ಮಿ ಕೆರದ್ರ ಮುಗೀತು, ವಾಪಸ್ ಹಚ್ಚಲಾಕ ಬರಂಗಿಲ್ಲ," ಅನ್ನುತ್ತಿದ್ದರು. ನನಗೆ ಕಾನಸು ಮುಟ್ಟಲು ಕೊಟ್ಟಿದ್ದು ನಾಲ್ಕನೇ ವರ್ಷಕ್ಕೆ, ಅದೂ ಮೊದಲೇ ಕೆಟ್ಟ ಒಂದು ರೀಡಿನ ಮೇಲೆ.

ಈ ಪೆಟ್ಟಿಗೆ ನಮ್ಮದಲ್ಲ ಅಂತ ನನಗೆ ಎಷ್ಟೋ ವರ್ಷ ಗೊತ್ತೇ ಇರಲಿಲ್ಲ. 1840ರ ಸುಮಾರಿಗೆ ಪ್ಯಾರಿಸ್ಸಿನಲ್ಲಿ ಹುಟ್ಟಿದ್ದು. ಅಲ್ಲಿ ಕುರ್ಚಿಯ ಮೇಲೆ ಕೂತು, ಕಾಲಲ್ಲಿ ತಿದಿ ತುಳಿದು ಬಾರಿಸುತ್ತಿದ್ದರು. ನಮ್ಮವರು ನೆಲದ ಮೇಲೆ ಕೂರುವವರು. 1875ರಲ್ಲಿ ಕೋಲ್ಕತ್ತದ ದ್ವಾರಕಾನಾಥ ಘೋಷ್ ಅವರು ತಿದಿಯನ್ನು ಹಿಂದಕ್ಕೆ ತಂದು ಕೈಯಿಂದ ಹಾಕುವ ಹಾಗೆ ಮಾಡಿದರು. ಅಲ್ಲಿಂದ ಅದು ಎಲ್ಲೆಲ್ಲಿಗೆ ಹೋಯಿತು ನೋಡಿ. ನಮ್ಮ ಊರೊಂದರಲ್ಲೇ ಸಣ್ಣಾಟದಲ್ಲಿ ಪೇಟಿ, ಮಠದ ಭಜನೆಯಲ್ಲಿ ಪೇಟಿ, ಬಂದೇ ನವಾಜರ ಉರುಸಿನ ಕವಾಲಿಯಲ್ಲಿ ಪೇಟಿ. ಇಷ್ಟು ಮನೆಗಳ ಉಪ್ಪು ತಿಂದ ಇನ್ನೊಂದು ವಾದ್ಯ ನನಗೆ ಗೊತ್ತಿಲ್ಲ. ಆದರೂ ರೇಡಿಯೋ ಅದನ್ನು ಹೊರಗಿಟ್ಟಿತ್ತು. 1940ರಲ್ಲಿ ಆಕಾಶವಾಣಿ ಪೇಟಿಯನ್ನು ನಿಷೇಧಿಸಿತು. ಆ ಬಾಗಿಲು ಮತ್ತೆ ತೆರೆಯಲು ಶುರುವಾಗಿದ್ದು 1971ರಲ್ಲಿ. ರವೀಂದ್ರನಾಥ ಠಾಕೂರರಿಗೂ ಪೇಟಿ ಸೇರುತ್ತಿರಲಿಲ್ಲ. ಪೇಟಿಗೆ ಮೀಂಡ್ ಬರುವುದಿಲ್ಲ, ಗಮಕ ಬರುವುದಿಲ್ಲ, ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಲು ಆಗುವುದಿಲ್ಲ, ನಮ್ಮ ಸಂಗೀತವನ್ನು ಅದು ಹನ್ನೆರಡು ಗೂಟಕ್ಕೆ ಕಟ್ಟಿಹಾಕುತ್ತದೆ, ಇದು ಆಗಿನ ದೂರು. ಮಾಸ್ತರು ಕಲಿತಿದ್ದು ಆ ಕಾಲದಲ್ಲೇ. ಅವರಿಗೆ ರೇಡಿಯೋದ ಮೇಲೆ ಸಿಟ್ಟು ಇರಲಿಲ್ಲ, ಅದೇ ನನಗೆ ಆಶ್ಚರ್ಯ. "ಅವರು ಹೇಳಿದ್ದು ಖರೇನೇ ಅದ," ಅನ್ನುತ್ತಿದ್ದರು. "ಪೇಟಿಗೆ ಬರಲಾರದ್ದು ಏನು ಅಂತ ಪೇಟಿಯವನಿಗೆ ಗೊತ್ತಿರಬೇಕು."

ತಂಬೂರಿಯಲ್ಲಿ ಇಲ್ಲದ ತಂತಿ

ಎರಡನೇ ವರ್ಷದ ಒಂದು ಸಂಜೆ ನನ್ನ ಮನಸ್ಸಿನಲ್ಲಿ ಅಚ್ಚು ಒತ್ತಿದ ಹಾಗೆ ಇದೆ. ಕರೆಂಟ್ ಹೋಗಿತ್ತು. ಬೇರೆ ಮಕ್ಕಳು ಮನೆಗೆ ಹೋಗಿದ್ದರು. ನನ್ನನ್ನು ಕರೆದುಕೊಂಡು ಹೋಗಲು ಅಪ್ಪ ಇನ್ನೂ ಬಂದಿರಲಿಲ್ಲ. ಮಾಸ್ತರು ಮೂಲೆಯಿಂದ ತಂಬೂರಿ ತೆಗೆದು ಶ್ರುತಿ ಮಾಡಿ ನನ್ನ ಕೈಗೆ ಕೊಟ್ಟರು. ನಾಲ್ಕು ತಂತಿ. ಮೊದಲನೆಯದು ಪಾ, ನಡುವಿನ ಎರಡೂ ಸಾ, ಕೊನೆಯದು ಖರ್ಜದ, ಅಂದರೆ ಕೆಳಗಿನ ದಪ್ಪ ದನಿಯ ಸಾ. "ಮೀಟ್ಕೋತ ಕುಂದುರು. ಗಾ ಕೇಳಿದ ಕೂಡ್ಲೆ ಹೇಳು," ಅಂದು ಒಳಗೆ ಹೋದರು.

ಗಾ ಎಲ್ಲಿಂದ ಬರಬೇಕು? ಇರುವುದು ಸಾ ಮತ್ತು ಪಾ ಮಾತ್ರ. ಮೀಟಿದೆ, ಮೀಟಿದೆ. ಕತ್ತಲೆ. ಒಳಗೆ ಮಾಸ್ತರ ಹೆಂಡತಿ, ನಾವೆಲ್ಲ ಕಾಕು ಅಂತ ಕರೆಯುತ್ತಿದ್ದವರು, ಒಗ್ಗರಣೆ ಹಾಕಿದ ಸದ್ದು. ಹೊರಗೆ ಯಾರದೋ ಲೂನಾ ಹೋಯಿತು. ನನಗೆ ನಿದ್ದೆ ಬರುವ ಹಾಗೆ ಆಯಿತು. ಹಾಗೆ ಮಂಪರಿನಲ್ಲಿ ಇರುವಾಗ, ಆ ಕೊನೆಯ ದಪ್ಪ ತಂತಿ ಮೀಟಿದ ಮೇಲೆ, ಅದರ ಸದ್ದು ಬಿಚ್ಚಿಕೊಳ್ಳುತ್ತ ಹೋಗಿ, ಎಲ್ಲೋ ಮೇಲೆ, ಬೇರೆ ಯಾರೋ ಸಣ್ಣಗೆ ಗಾ ಅಂದ ಹಾಗೆ ಕೇಳಿಸಿತು. ಕೈ ನಿಲ್ಲಿಸಿದೆ. ಹೋಯಿತು. ಮತ್ತೆ ಮೀಟಿದೆ. ಮತ್ತೆ ಬಂತು. "ಸರ, ಬಂತ್ರೀ!" ಅಂತ ಕಿರುಚಿದೆ. ಮಾಸ್ತರು ಒಳಗಿನಿಂದಲೇ, "ಬರ್ತದ, ಬರ್ತದ. ಯಾವಾಗ್ಲೂ ಅಲ್ಲೇ ಇರ್ತದ," ಅಂದರು.

ಒಂದು ತಂತಿ ನಡುಗುವಾಗ ಅದು ಇಡಿಯಾಗಿ ಮಾತ್ರ ನಡುಗುವುದಿಲ್ಲ. ಎರಡು ಭಾಗವಾಗಿ, ಮೂರು ಭಾಗವಾಗಿ, ನಾಲ್ಕು, ಐದು ಭಾಗವಾಗಿ ಒಟ್ಟೊಟ್ಟಿಗೆ ನಡುಗುತ್ತದೆ. ಐದನೇ ಭಾಗದ ನಡುಕವೇ ಆ ಗಾಂಧಾರ. ಯಾರೂ ಬಾರಿಸದೆ ತಾನಾಗಿ ಹುಟ್ಟುವುದರಿಂದ ಅದಕ್ಕೆ ಸ್ವಯಂಭೂ ಗಾಂಧಾರ ಅಂತ ಹೆಸರು. ಇದೆಲ್ಲ ನಾನು ತಿಳಿದುಕೊಂಡಿದ್ದು ಆಮೇಲೆ. ಅವತ್ತು ಮಾಸ್ತರು ಮಾಡಿದ್ದು ಇಷ್ಟೇ. ಚಿಮಣಿ ಹಿಡಿದುಕೊಂಡು ಹೊರಗೆ ಬಂದರು. ಪೇಟಿ ಎಳೆದುಕೊಂಡರು. ನಾನು ತಂಬೂರಿ ಮೀಟುತ್ತಿರುವಾಗಲೇ ಪೇಟಿಯ ಗಾ ಒತ್ತಿದರು. ಅಯ್ಯೋ ಅನ್ನಿಸಿತು. ಎರಡೂ ಗಾ ಒಂದಕ್ಕೊಂದು ಕೂಡಲಿಲ್ಲ. ನಡುವೆ ವ್ಹಾಂವ್ ವ್ಹಾಂವ್ ಅಂತ ಅಲೆ ಎದ್ದಿತು. ಪೇಟಿಯ ಗಾ ಮೇಲಿತ್ತು. "ನಿನ್ನ ಪೇಟಿ ಕೆಟ್ಟಿಲ್ಲ. ಸುದ್ದ ಇದ್ರನೂ ಹಿಂಗೇ," ಅಂದರು.

ಅದು ಹೇಗೆ ಅಂತ ನನ್ನ ಮಗಳಿಗೆ ಈಚೆಗೆ ಪೆನ್ನು ಪೇಪರ್ ಹಿಡಿದು ಹೇಳಬೇಕಾಯಿತು. ಸಾ ಇಂದ ಪಾ ಗೆ ಏರು. ಆ ಪಾ ವನ್ನೇ ಸಾ ಅಂತ ಹಿಡಿದು ಮತ್ತೆ ಅದರ ಪಾ ಗೆ ಏರು. ಹೀಗೆ 12 ಸಲ ಹತ್ತಿದರೆ 7 ಸಪ್ತಕ (ಒಂದು ಸಾ ಇಂದ ಮುಂದಿನ ಸಾ ವರೆಗೆ ಒಂದು ಸಪ್ತಕ) ದಾಟಿ ಮತ್ತೆ ಸಾ ಸಿಗಬೇಕು. ಆದರೆ ಕಿವಿಗೆ ಶುದ್ಧವಾಗಿ ಕೇಳುವ ಪಾ ಇಟ್ಟುಕೊಂಡು ಹತ್ತಿದರೆ ಸಾ ಸಿಗುವುದಿಲ್ಲ, ಅದನ್ನು ಚೂರು ದಾಟಿ ಹೋಗಿರುತ್ತೇವೆ. ಅಕ್ಕಪಕ್ಕದ ಎರಡು ಪಟ್ಟಿಗಳ ನಡುವಿನ ಅಂತರವನ್ನು 100 ಪಾಲು ಮಾಡಿದರೆ ಅದರಲ್ಲಿ ಸುಮಾರು 23 ಪಾಲಿನಷ್ಟು ಹೆಚ್ಚು. ಈ ಹೆಚ್ಚುವರಿಯನ್ನು ಎಲ್ಲಾದರೂ ಅಡಗಿಸಬೇಕು. ಪಿಯಾನೊ ಶ್ರುತಿ ಮಾಡುವವರು ಅದನ್ನು ಹನ್ನೆರಡೂ ಮನೆಗೆ ಸಮ ಹಂಚುತ್ತಾರೆ. ಹಾಗೆ ಹಂಚಿದ್ದರಿಂದ ಪಾ ಗೆ ಬರುವ ಪೆಟ್ಟು ಬರೀ 2 ಪಾಲು, ಗೊತ್ತೇ ಆಗುವುದಿಲ್ಲ. ಗಾ ಮಾತ್ರ ತಂಬೂರಿಯ ಗಾ ಗಿಂತ 14 ಪಾಲು ಮೇಲೆ ಕೂತುಬಿಡುತ್ತದೆ. ಪಿಯಾನೊದ 88 ಪಟ್ಟಿಗೂ ಇದೇ ಲೆಕ್ಕ. ಪೇಟಿಗೂ, ಮಗಳ ಕೀಬೋರ್ಡಿಗೂ, ಆಯಿಯ ಬಾಯಿ ಮುಂದೆ ಹಿಡಿದ ಆ ಫೋನಿಗೂ ಇದೇ ಲೆಕ್ಕ. ಯಾವ ಸ್ವರದಿಂದ ಶುರು ಮಾಡಿದರೂ ಹಾಡು ಒಂದೇ ಥರ ಕೇಳಬೇಕು ಅಂತ ಮಾಡಿಕೊಂಡ ಒಪ್ಪಂದ ಅದು. ಒಳ್ಳೆಯ ಒಪ್ಪಂದ, ಅದರಿಂದ ಎಷ್ಟೋ ದೊಡ್ಡ ಸಂಗೀತ ಹುಟ್ಟಿದೆ. ಆದರೆ ಅವ್ವ ಅದಕ್ಕೆ ಯಾವತ್ತೂ ಸಹಿ ಹಾಕಿಲ್ಲ.

ಪಿಯಾನೊ ಅಂದಾಗ ಒಂದು ಮಾತು. ಅದನ್ನು ನಾನು ಚಿಕ್ಕವಳಿದ್ದಾಗ ಮುಟ್ಟಿದ್ದು ಒಂದೇ ಸಲ, ಗೆಳತಿಯ ಜೊತೆ ಚರ್ಚಿಗೆ ಹೋದಾಗ. ಅವಳ ತಾಯಿ ಭಾನುವಾರದ ಹಾಡುಗಳಿಗೆ ಬಾರಿಸುತ್ತಿದ್ದರು. ನನಗೂ ಒತ್ತಲು ಕೊಟ್ಟರು. ಪೇಟಿಯ ಅಭ್ಯಾಸದಲ್ಲಿ ಬೆರಳು ಇಟ್ಟು ಹಾಗೇ ಹಿಡಿದೆ. ಸ್ವರ ಗಂಟೆ ಹೊಡೆದ ಹಾಗೆ ಎದ್ದು, ಬೆರಳು ಅಲ್ಲೇ ಇದ್ದರೂ ಮೆಲ್ಲಗೆ ಆರಿಹೋಯಿತು. ಪೇಟಿಯಲ್ಲಿ ಗಾಳಿ ಇರುವಷ್ಟು ಹೊತ್ತು ಸ್ವರ ಇರುತ್ತದೆ. ಪಿಯಾನೊದಲ್ಲಿ ಸುತ್ತಿಗೆ ತಂತಿಗೆ ತಾಗಿದ ಕ್ಷಣದಿಂದಲೇ ಅದು ಹೊರಡಲು ಶುರು. ಆ ತಾಯಿ ಒಂದು ಸ್ವರ ಆರುವ ಮೊದಲು ಇನ್ನೊಂದನ್ನು ಎಷ್ಟು ನಾಜೂಕಾಗಿ ತಂದಿಡುತ್ತಿದ್ದರು ಅಂದರೆ, ಹೋದದ್ದು ಹೋಯಿತು ಅಂತ ಗೊತ್ತೇ ಆಗುತ್ತಿರಲಿಲ್ಲ. ಪಿಯಾನೊಗೆ ಬರಲಾರದ್ದು ಏನು ಅಂತ ಅವರಿಗೆ ಗೊತ್ತಿತ್ತು.

ಗ್ಯಾದರಿಂಗ್

ಏಳನೇ ಕ್ಲಾಸಿನಲ್ಲಿದ್ದಾಗ ಶಾಲೆಯ ಗ್ಯಾದರಿಂಗ್. ನನ್ನ ಕ್ಲಾಸಿನ ಹುಡುಗಿಯೊಬ್ಬಳು ಅಕ್ಕಮಹಾದೇವಿಯ ಒಂದು ವಚನ ಹಾಡುವುದು, ನಾನು ಪೇಟಿ ಸಾಥ್ ಕೊಡುವುದು. ಅಷ್ಟೊತ್ತಿಗೆ ನನ್ನ ಬೆರಳು ಚೆನ್ನಾಗಿ ಓಡುತ್ತಿತ್ತು. ಅಲಂಕಾರಗಳನ್ನು ನಾಲ್ಕು ಕಾಲದಲ್ಲಿ ಬಾರಿಸುತ್ತಿದ್ದೆ. ಅವ್ವ, ಅಪ್ಪ, ಮಾಸ್ತರು, ಕಾಕು, ಎಲ್ಲರೂ ಮುಂದಿನ ಸಾಲಿನಲ್ಲಿ. ಹುಡುಗಿ ಮೊದಲ ಸಾಲು ಎತ್ತಿದಳು. ಅವಳದು ಎಳೆ ದನಿ, ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುತ್ತ ಹೋಗುವ ದನಿ. ಅವಳು ಜಾರಿದ ಕಡೆಯೆಲ್ಲ ನಾನು ಪಟ್ಟಿ ಒತ್ತಿದೆ. ಅವಳು ಉಸಿರು ತಗೊಂಡ ಕಡೆಯೆಲ್ಲ ಒಂದು ತಾನ್ ತುಂಬಿದೆ. ಮೈಕು ಪೇಟಿಯ ಹತ್ತಿರವೇ ಇತ್ತು. ಎರಡನೇ ಸಾಲಿಗೆ ಅವಳು ನನ್ನ ಕಡೆ ಒಮ್ಮೆ ನೋಡಿದಳು. ಮೂರನೇ ಸಾಲಿಗೆ ಜಾರುವುದನ್ನು ಬಿಟ್ಟು ನನ್ನ ಪಟ್ಟಿಗಳ ಮೇಲೆ ಹೆಜ್ಜೆ ಇಟ್ಟ ಹಾಗೆ ಹಾಡತೊಡಗಿದಳು. ಹಾಡು ಮುಗಿಯಿತು. ಚಪ್ಪಾಳೆ ಬಿತ್ತು. ಮುಖ್ಯೋಪಾಧ್ಯಾಯರು ಪೇಟಿ ಬಾರಿಸಿದ ಹುಡುಗಿಗೆ ಅಂತ ನನಗೆ ಒಂದು ಪೆನ್ನು ಕೊಟ್ಟರು. ಹಾಡಿದವಳಿಗೆ ಏನೂ ಕೊಡಲಿಲ್ಲ.

ಮಾಸ್ತರು ಅವತ್ತು ಮಾತಾಡಲಿಲ್ಲ. ಮರುದಿನ ಪಾಠಕ್ಕೆ ಹೋದೆ. ಕೂತೆ. ಅವರು ಬಯ್ಯುತ್ತಾರೆ ಅಂತ ಗೊತ್ತಿತ್ತು, ಬಯ್ಯಲಿಲ್ಲ. "ನೀ ಭಾಳ ಛಲೋ ಬಾರಿಸಿದಿ ತಂಗಿ," ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಆಕಿಗಿ ಹಾಡಲಾಕ ಜಾಗಾ ಎಲ್ಲಿತ್ತು?" ಅಂದರು. ನನಗೆ ಅಳು ಬಂತು. ಆ ಹುಡುಗಿಯ ಮುಖ ಕಣ್ಣ ಮುಂದೆ ಬಂತು. ಆಮೇಲೆ ಅವರು ತಾವೇ ಹಾಡುತ್ತ, ನನಗೆ ಬಾರಿಸಲು ಹೇಳಿದರು. ರೀ ಇಂದ ಗಾ ಗೆ ಮೆಲ್ಲಗೆ ಏರುವ ಒಂದು ಜಾಗ. ನಾನು ರೀ ಒತ್ತಿದೆ, ಗಾ ಒತ್ತಿದೆ. "ಎತ್ತು," ಅಂದರು. ಅರ್ಥ ಆಗಲಿಲ್ಲ. "ಬೆರಳು ಎತ್ತು. ನಾ ರೀ ಬಿಟ್ಟ ಕೂಡ್ಲೆ ಎತ್ತು. ತಿದಿ ನಿಲ್ಲಸಬ್ಯಾಡ. ನಾ ಗಾ ಮ್ಯಾಲ ಕುಂತ ಮ್ಯಾಲ ಬಂದು ಮುಟ್ಟು." ಹತ್ತು ಸಲ ಮಾಡಿಸಿದರು. ಹನ್ನೊಂದನೇ ಸಲಕ್ಕೆ ಆಯಿತು. ರೀ ಬಿಟ್ಟೆ. ಪೇಟಿ ಸುಮ್ಮನಾಯಿತು. ಆ ಖಾಲಿ ಜಾಗದಲ್ಲಿ ಮಾಸ್ತರ ದನಿ ಒಂದೇ, ಯಾವ ಆಸರೆಯೂ ಇಲ್ಲದೆ, ಎರಡು ಪಟ್ಟಿಗಳ ನಡುವೆ ಏರಿತು. ಅವರು ಹಾಡುವವರಲ್ಲ, ಮುದುಕರು, ದನಿ ಒಡೆದಿತ್ತು. ಆದರೂ ಅಷ್ಟು ಚಂದದ ಸದ್ದನ್ನು ನಾನು ಆ ಮನೆಯಲ್ಲಿ ಅದುವರೆಗೆ ಕೇಳಿರಲಿಲ್ಲ. ಅವರ ಗಾ ನಿಂತ ಮೇಲೆ ನಾನು ಮೆಲ್ಲಗೆ ಬೆರಳು ಇಟ್ಟೆ.

ಗದಗಿನಿಂದ ಬಂದವರು

ಆ ಪಾಠ ಕಣ್ಣಿಗೆ ಕಂಡಿದ್ದು ಮುಂದಿನ ವರ್ಷ, ಆಳಂದ ಕಡೆಯ ಒಂದು ಮಠದ ಜಾತ್ರೆಯಲ್ಲಿ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತ ಒಬ್ಬ ಗವಾಯಿಗಳು ಬಂದಿದ್ದರು. ಕಣ್ಣು ಕಾಣದವರು. ಜೊತೆಗೆ ಒಬ್ಬ ಹತ್ತು ವರ್ಷದ ಹುಡುಗ, ಅವನಿಗೂ ಕಣ್ಣಿಲ್ಲ. ಆಶ್ರಮದ ಕಥೆ ನಮ್ಮ ಕಡೆ ಯಾರಿಗೆ ಗೊತ್ತಿಲ್ಲ? ಹುಟ್ಟುಕುರುಡರಾಗಿದ್ದ ಪಂಚಾಕ್ಷರಿ ಗವಾಯಿಗಳು ಊರೂರು ತಿರುಗಿ ಅಂಧ ಮಕ್ಕಳಿಗೆ ಅನ್ನ, ಸಂಗೀತ ಎರಡನ್ನೂ ಕೊಟ್ಟರು. 1944ರಲ್ಲಿ ಅವರು ತೀರಿಕೊಂಡ ಮೇಲೆ ಪುಟ್ಟರಾಜ ಗವಾಯಿಗಳು, ನಮ್ಮೆಲ್ಲರ ಅಜ್ಜಾರು, 2010ರವರೆಗೆ ಆ ಹೊರೆ ಹೊತ್ತರು. ಆಶ್ರಮದ ಖರ್ಚಿಗೆ ನಾಟಕ ಕಂಪನಿ ನಡೆಸಿದರು. ಪೇಟಿ, ತಬಲಾ, ಸಾರಂಗಿ, ಪಿಟೀಲು, ಕೈಗೆ ಬಂದಿದ್ದನ್ನೆಲ್ಲ ಬಾರಿಸಿದರು. ಬಸವರಾಜ ರಾಜಗುರು ಅವರಂಥ ಗಾಯಕರು ಆ ನೆರಳಿನಲ್ಲೇ ಬೆಳೆದವರು.

ಅವತ್ತು ಗವಾಯಿಗಳು ತಾವು ಹಾಡುವ ಮೊದಲು ಹುಡುಗನಿಗೆ ಹಾಡಲು ಹೇಳಿದರು. ಪೇಟಿಯನ್ನು ತಾವೇ ಎಳೆದುಕೊಂಡರು. ಗುರು ಶಿಷ್ಯನಿಗೆ ಸಾಥ್! ನಾನು ಸ್ಟೇಜಿನ ಬದಿಯಲ್ಲೇ, ಚಾಪೆಯ ತುದಿಯಲ್ಲಿ ಕೂತಿದ್ದೆ. ಅವರ ಕೈ ಮೂರು ಮೊಳ ದೂರದಲ್ಲಿತ್ತು. ಹುಡುಗ ಗಟ್ಟಿಯಾಗಿ ನಿಂತಾಗ ಬೆರಳುಗಳು ಅವನ ಜೊತೆ ನಿಲ್ಲುತ್ತಿದ್ದವು. ಅವನು ಏರಲು ಹೊರಟರೆ ಮೇಲೆದ್ದು, ಪಟ್ಟಿಯಿಂದ ಒಂದು ಭತ್ತದ ಕಾಳಿನಷ್ಟು ಎತ್ತರದಲ್ಲಿ ಕಾಯುತ್ತಿದ್ದವು. ಒಮ್ಮೆ ಹುಡುಗನಿಗೆ ಉಸಿರು ಸಾಲದೆ ಸ್ವರ ಕೆಳಗೆ ಬಿತ್ತು. ಗವಾಯಿಗಳು ಸರಿಯಾದ ಸ್ವರವನ್ನು ಒತ್ತಿ ತೋರಿಸಲಿಲ್ಲ. ಬರೀ ಸಾ ಹಿಡಿದರು. ಮನೆಯ ಬಾಗಿಲು ತೆರೆದಿಟ್ಟ ಹಾಗೆ. ಹುಡುಗ ಅದನ್ನು ಕೇಳಿ, ದಾರಿ ಸಿಕ್ಕಿ, ತಾನೇ ಮೇಲೆ ಬಂದ. ಗವಾಯಿಗಳು ತಲೆದೂಗಿದರು. ಹುಡುಗನಿಗೆ ಅದು ಕಾಣುವುದಿಲ್ಲ. ಆದರೂ ತಲೆದೂಗಿದರು.

ನಮ್ಮನ್ನು ಎಬ್ಬಿಸಿ ಹೊರಡಿಸುವ ಕಲಾವಿದರ ಕಥೆಗಳಲ್ಲಿ ಬೆಂಕಿ ಜಾಸ್ತಿ ಇರುತ್ತದೆ. ಅಬ್ದುಲ್ ಕರೀಂ ಖಾನರ ಒಂದು ರೆಕಾರ್ಡ್ ಕೇಳಿ, ಗದಗಿನ ಹುಡುಗ ಭೀಮಸೇನ ಜೋಶಿ 11ನೇ ವಯಸ್ಸಿಗೆ ಮನೆ ಬಿಟ್ಟು ಗುರುವನ್ನು ಹುಡುಕಿಕೊಂಡು ಹೋದ ಕಥೆಯನ್ನು ಮಾಸ್ತರು ಹೇಳಿದಾಗಲೆಲ್ಲ ನನ್ನ ಮೈ ಜುಮ್ ಅನ್ನುತ್ತಿತ್ತು. ಅಂಥ ಬೆಂಕಿ ನನಗೆ ಹತ್ತಲಿಲ್ಲ. ನಾನು ಬಿ.ಎಡ್. ಮಾಡಿ ಟೀಚರ್ ಆದೆ. ಆದರೆ ಆ ಚಾಪೆಯ ತುದಿಯಲ್ಲಿ ಕೂತು ನೋಡಿದ ಕೈ ನನ್ನ ಜೊತೆ ಬಂತು. ಕ್ಲಾಸಿನಲ್ಲಿ ಮಗು ಒಂದು ಶಬ್ದಕ್ಕೆ ತಡವರಿಸಿದರೆ ನಾನು ತಟ್ಟನೆ ಹೇಳಿಕೊಡುವುದಿಲ್ಲ. ಆ ಕೈ ನೆನಪಾಗುತ್ತದೆ.

ಇನ್ನೊಂದು ದಿನ 1992ರ ಸೆಪ್ಟೆಂಬರ್ 12. ಮಲ್ಲಿಕಾರ್ಜುನ ಮನಸೂರರು ಧಾರವಾಡದಲ್ಲಿ ತೀರಿಕೊಂಡ ದಿನ. ನಾವು ಸಂಜೆ ಪಾಠಕ್ಕೆ ಹೋದಾಗ ಮಾಸ್ತರು ಪೇಟಿಗೆ ಬಟ್ಟೆ ಮುಚ್ಚಿದ್ದರು. ಟೇಪ್ ರೆಕಾರ್ಡರಿನಲ್ಲಿ ಅವರ ವಚನಗಳ ಕ್ಯಾಸೆಟ್. ಗ್ವಾಲಿಯರ್ ಶೈಲಿಯ ಹಾಡುಗಾರಿಕೆ ಕಲಿತು ಹೆಸರು ಮಾಡಿದ ಮೇಲೂ ಮನಸೂರರು ಜೈಪುರ ಶೈಲಿಯ ಮಂಜಿ ಖಾನರ ಮುಂದೆ ಮತ್ತೆ ಶಿಷ್ಯರಾಗಿ ಕೂತವರು. ಅದನ್ನು ಮಾಸ್ತರು ಎರಡೇ ಮಾತಿನಲ್ಲಿ ಹೇಳಿದರು, ಜಾಸ್ತಿ ಹೇಳಲು ಆಗಲಿಲ್ಲ. ಐದಾರು ಮಕ್ಕಳು ಫರ್ಸಿಯ ಮೇಲೆ ಸುಮ್ಮನೆ ಕೂತು ಕೇಳಿದೆವು. ಒಂದು ಕಡೆ ಮನಸೂರರು ಒಂದು ಸ್ವರವನ್ನು ಮುಟ್ಟಿಯೂ ಮುಟ್ಟದ ಹಾಗೆ ಸವರಿಕೊಂಡು ಹೋದರು. ಮಾಸ್ತರ ಬಲಗೈ ತೊಡೆಯ ಮೇಲಿತ್ತು. ಬೆರಳುಗಳು ತಾವಾಗಿ ಎದ್ದವು.

ಅವ್ವನ ಗಾ

ಈಗ 22 ಶ್ರುತಿಯ, ಅಂದರೆ ಒಂದು ಸಪ್ತಕದಲ್ಲಿ ಹನ್ನೆರಡರ ಬದಲು 22 ಸ್ವರದ ಜಾಗ ಇರುವ ಪೇಟಿ ಮಾಡಿದ್ದಾರೆ. ಪ್ರತಿ ಸ್ವರವನ್ನೂ ಬೇರೆ ಬೇರೆ ಇಳಿಸಿ ಏರಿಸುವ ಕೀಬೋರ್ಡುಗಳೂ ಇವೆ. ಒಳ್ಳೆಯದೇ. ಮಗಳ ಕೀಬೋರ್ಡಿನಲ್ಲಿ ಹಾಗೆ ಮಾಡಿದರೆ ಅವ್ವನ ಗಾ ಸಿಗಬಹುದು ಅಂತ ನಾನೂ ಅಂದುಕೊಂಡೆ. ಅವ್ವನ ಹಾಡನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ, ರಾತ್ರಿ ಎಲ್ಲರೂ ಮಲಗಿದ ಮೇಲೆ ಇಯರ್‌ಫೋನ್ ಹಾಕಿಕೊಂಡು, ಆ ಒಂದು ಸಾಲನ್ನು ಎಷ್ಟು ಸಲ ಕೇಳಿದೆನೋ. ಅವಳ ಗಾ ಒಂದೇ ಕಡೆ ಇಲ್ಲ. ಮೇಲೆ ಏರುವಾಗ ಒಂದು ಎತ್ತರ, ಇಳಿಯುವಾಗ ಚೂರು ಕೆಳಗೆ. ಗುರುವಿನ ಹೆಸರು ಬರುವ ಸಾಲಿನಲ್ಲಿ ಇನ್ನೂ ಕೆಳಗೆ, ಹೆಚ್ಚುಕಡಿಮೆ ನಿಟ್ಟುಸಿರಿನ ಹಾಗೆ. ಮೂರು ಸಲ ರೆಕಾರ್ಡ್ ಮಾಡಿದೆ, ಮೂರು ಸಲವೂ ಹಾಗೇ ಬಂತು. ತಪ್ಪು ಹಾಡುವವರು ಪ್ರತಿ ಸಲ ಒಂದೇ ಥರ ತಪ್ಪುವುದಿಲ್ಲ ಅಲ್ವಾ? ಅವಳಿಗೆ ಆ ಜಾಗಗಳು ಗೊತ್ತು. ಅಲ್ಲಿ ಕೂರಿಸಲು ಎಷ್ಟು ಪಟ್ಟಿ ತಂದರೂ ಸಾಲುವುದಿಲ್ಲ.

ಹೋದ ಶನಿವಾರ ಅಟ್ಟದಿಂದ ಪೇಟಿ ಇಳಿಸಿದೆ. ಧೂಳು ಒರೆಸಿ, ಹರಿದ ಕಡೆ ತಿದಿಗೆ ಟೇಪ್ ಹಚ್ಚಿದೆ. ಮಗಳನ್ನು ಕೂರಿಸಿಕೊಂಡು ಮೊದಲು ತಂಬೂರಿಯ ಗಾ ಕೇಳಿಸಿದೆ. ತಂಬೂರಿ ನಮ್ಮ ಮನೆಯಲ್ಲಿ ಇಲ್ಲ, ಫೋನಿನದ್ದೇ. ಅವಳ ಅದೇ ಫೋನು. ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ಅವಳ ಕಣ್ಣು ಅಗಲವಾಯಿತು. ಪೇಟಿಯ ಗಾ ಒತ್ತಿದೆ. ಅಲೆ ಎದ್ದಿದ್ದು ಕೇಳಿ ಮುಖ ಕಿವುಚಿದಳು.

"ಅವ್ವಾ, ಆ ಪದ ಹೇಳಬೇ," ಅಂದೆ.

"ಒಲ್ಲೆವ್ವಾ. ಬೇಸೂರ್ ಆಗ್ತದಂತಲ್ಲ."

ಮಗಳು ಎದ್ದು ಹೋಗಿ ಅವಳ ಪಕ್ಕ ಕೂತು, ಸೆರಗು ಹಿಡಿದುಕೊಂಡು, "ಹೇಳು ಆಯಿ," ಅಂದಳು. ಬೇರೇನೂ ಹೇಳಲಿಲ್ಲ.

ಅವ್ವ ಗಂಟಲು ಸರಿ ಮಾಡಿಕೊಂಡಳು. ನಾನು ಹುಡುಕಿದೆ, ನಾಲ್ಕನೇ ಕಪ್ಪು ಪಟ್ಟಿಯ ಹತ್ತಿರ ಅವಳ ಸಾ ಸಿಕ್ಕಿತು. ಸಾ ಮತ್ತು ಪಾ ಹಿಡಿದೆ. ಅವಳು ಎತ್ತಿದಳು. ರೀ ಬಂತು, ಮುಟ್ಟಿದೆ. ಅಲ್ಲಿಂದ ಅವಳು ಏರಲು ಶುರು ಮಾಡಿದಾಗ ಎಲ್ಲ ಬೆರಳೂ ಎತ್ತಿದೆ. ಎಡಗೈ ತಿದಿ ಹಾಕುತ್ತಲೇ ಇತ್ತು. ಹಳೆಯ ಪೇಟಿ, ಸೋರುತ್ತದೆ. ಸ್ವರ ಇಲ್ಲದ ಜಾಗದಲ್ಲಿ ಗಾಳಿಯ ಸದ್ದು ಮಾತ್ರ, ಹಸ್ ಹಸ್ ಅಂತ. ಅದರ ಮೇಲೆ ಅವ್ವನ ಗಾ. ಅವಳು ಅದರ ಮೇಲೆ ನಿಂತಳು, ಬೇಕಾದಷ್ಟು ಹೊತ್ತು ನಿಂತಳು, ಇಳಿದಳು. ನಾನು ಸಾ ದಲ್ಲಿ ಕಾದಿದ್ದೆ.

ಪಲ್ಲವಿ ಮುಗಿಸಿ ಅವ್ವ ನನ್ನ ಕಡೆ ತಿರುಗಿದಳು. "ಅಲ್ಲಿ ಯಾಕ ನಿಂದ್ರಸಿದಿ? ಮರತೇನು?"

"ಮರತಿಲ್ಲಬೇ. ಅದು ನಿಂದು ಅಂತ ಬಿಟ್ಟಿನಿ."

ಅವಳು ಸ್ವಲ್ಪ ಹೊತ್ತು ಪೇಟಿಯನ್ನೇ ನೋಡಿದಳು. ನನ್ನ ಕೈ ಇನ್ನೂ ತಿದಿಯ ಮೇಲಿತ್ತು, ಅದು ಹಸ್ ಅಂತಿತ್ತು. "ಪೇಟಿಗೂ ದಮ್ಮು ಹತ್ತೇದ ನೋಡು ನನ್ನಂಗ," ಅಂದಳು. ಆಮೇಲೆ ಮೊಮ್ಮಗಳ ತೊಡೆ ತಟ್ಟಿ ತಾಳ ಹಿಡಿದು, ಮತ್ತೆ ಮೊದಲಿನಿಂದ ಎತ್ತಿಕೊಂಡಳು.